ಶೋಲಾ ಕಸುಬು ಉಳಿಯಬೇಕಾದರೆ ಮೊದಲು ಗದ್ದೆಯಲ್ಲಿ ನೀರು ನಿಲ್ಲಬೇಕು

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನ ಬಂಗಾಳಿ ಗೆಳೆಯರು ಪ್ರತಿ ವರ್ಷ ದುರ್ಗಾಪೂಜೆ ಮಾಡುತ್ತಾರೆ. ದೇವಿಯ ಕಿರೀಟ, ಹಾರ, ಕಿವಿಯ ಒಡವೆ ಎಲ್ಲಾ ಬಿಳಿ ಬಣ್ಣದ ಹಗುರವಾದ ವಸ್ತುವಿನಲ್ಲಿ ಮಾಡಿದ್ದರು. ನಾನು ಥರ್ಮೋಕೋಲ್ ಅಂದುಕೊಂಡಿದ್ದೆ. ಅದು ಶೋಲಾ ಎಂಬ ಗಿಡದ ಬೆಂಡು, ಮಾಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ ಎಂದು ಗೆಳೆಯರು ಹೇಳಿದರು. ಥರ್ಮೋಕೋಲ್ ನಿಷೇಧವಾದ ಮೇಲೂ ಯಾಕೆ ಹೀಗೆ? ಜಿಐ ಟ್ಯಾಗ್ (ಒಂದು ಊರಿನ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿದರೆ ಉಳಿಯುತ್ತದಾ? ಇಷ್ಟೊಂದು ಗಿಡ ಕಡಿಯುವುದು ಪರಿಸರಕ್ಕೆ ಒಳ್ಳೆಯದಾ? ನಮ್ಮಂಥವರು ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು. ಏನು ಅಂತ ಕೊನೆಗೆ ವಿವರವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಗಿಡದ ವಿಷಯ ಮಾತಾಡೋಣ, ಯಾಕೆಂದರೆ ಈ ಕಸುಬಿನ ಬಗ್ಗೆ ಬರೆಯುವವರು, ಭಾಷಣ ಮಾಡುವವರು ಹೆಚ್ಚಿನವರು ಕುಶಲಕರ್ಮಿಯ ಬೆರಳುಗಳಿಂದ ಶುರು ಮಾಡಿ ಅಲ್ಲೇ ಮುಗಿಸಿಬಿಡುತ್ತಾರೆ. ಆ ಬೆರಳಿಗೆ ಹಿಡಿಯಲು ಒಂದು ದಂಟು ಬೇಕು, ದಂಟು ಬೆಳೆಯಲು ನಿಂತ ನೀರು ಬೇಕು. ನನ್ನ ಪ್ರಕಾರ ಶೋಲಾ ಕಸುಬಿನ ಕಷ್ಟ ಅಂಗಡಿಯಲ್ಲಿ ಶುರುವಾಗಿದ್ದಲ್ಲ. ತಗ್ಗು ಗದ್ದೆಯಲ್ಲಿ, ಹಳ್ಳಿಯ ಹೊಂಡದಲ್ಲಿ ಶುರುವಾಯಿತು.

ಶೋಲಾ ಗಿಡದ ಸಸ್ಯಶಾಸ್ತ್ರೀಯ ಹೆಸರು ಈಸ್ಕಿನೋಮಿನಿ ಆಸ್ಪೆರಾ. ಅವರೆ, ತೊಗರಿಯ ಕುಟುಂಬಕ್ಕೇ ಸೇರಿದ್ದು. ಎಲೆ ನೋಡಿದರೆ ಮುಟ್ಟಿದರೆ ಮುನಿ ನೆನಪಾಗುತ್ತದೆ, ಹೂವು ಹಳದಿ. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗದಲ್ಲಿ ತಾನಾಗಿ ಹುಟ್ಟಿ, ನೀರು ಏರಿದಂತೆ ಅದೂ ಏರುತ್ತದೆ. ಸಾಧಾರಣ ಆಳೆತ್ತರ ಬರುತ್ತದೆ. ನೀರಿನಲ್ಲಿ ಮುಳುಗಿರುವ ಭಾಗ ಉಬ್ಬಿ ದಪ್ಪವಾಗುತ್ತದೆ, ಕೆಲಸಕ್ಕೆ ಬರುವುದು ಅದೇ ಭಾಗ. ಒಣ ನೆಲದಲ್ಲಿ ಹುಟ್ಟಿದರೆ ಗಿಡವೇನೋ ಬದುಕುತ್ತದೆ, ಆದರೆ ದಂಟು ಕಡ್ಡಿಯಂತೆ ಸಣ್ಣಗೇ ಉಳಿಯುತ್ತದೆ, ಅದರಲ್ಲಿ ಏನೂ ಮಾಡಲಾಗುವುದಿಲ್ಲ. ಮೇಲಿನ ಕಂದು ಸಿಪ್ಪೆ ತೆಗೆದರೆ ಒಳಗೆ ಹಾಲಿನಷ್ಟು ಬಿಳಿ. ನಾವೆಲ್ಲ ಅದನ್ನು ತಿರುಳು ಎಂದೇ ಕರೆಯುತ್ತೇವಾದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಆ ಗಿಡದ ಮರವೇ. ನಿಜವಾದ ತಿರುಳು ನಡುವೆ ಒಂದು ಎಳೆಯಷ್ಟು ಮಾತ್ರ ಇರುತ್ತದೆ. ಜಗತ್ತಿನ ಅತಿ ಹಗುರ ಮರಗಳಲ್ಲಿ ಇದೂ ಒಂದು.

ಎಲ್ಲಾ ಶೋಲಾ ಒಂದೇ ಅಲ್ಲ. ಬಂಗಾಳದಲ್ಲಿ ಮೆತ್ತಗಿನದನ್ನು ಭಾತ್ ಶೋಲಾ, ಗಟ್ಟಿಯದನ್ನು ಕಾಠ್ ಶೋಲಾ ಅನ್ನುತ್ತಾರೆ. ಸೂಕ್ಷ್ಮ ಕೆಲಸಕ್ಕೆ ಭಾತ್ ಶೋಲಾನೇ ಆಗಬೇಕು. ಗಟ್ಟಿ ಶೋಲಾ ಚಾಕುವಿಗೆ ಸಿಕ್ಕಿದರೆ ಚೂರು ಚೂರಾಗುತ್ತದೆ.

ಗಿಡ ಕಡಿಯುವ ಬಗ್ಗೆ ಕೇಳಿದಿರಿ. ಇದು ಸಾಮಾನ್ಯವಾಗಿ ಒಂದೇ ವರ್ಷದ ಗಿಡ. ಮಳೆಗಾಲ ಮುಗಿದು ನೀರು ಇಳಿಯುವ ಹೊತ್ತಿಗೆ ಕೊಯ್ಯದಿದ್ದರೂ ಅದು ಒಣಗಿ ಬೀಳುವುದೇ. ಹಾಗಾಗಿ ಕಡಿಯುವುದರಿಂದ ಕಾಡಿಗೋ ಮರಕ್ಕೋ ನಷ್ಟವಿಲ್ಲ. ಜೊತೆಗೆ ಬೇಳೆ ಜಾತಿಯ ಗಿಡವಾದ್ದರಿಂದ ಇದರ ಬೇರಿನಲ್ಲಿ, ದಂಟಿನಲ್ಲಿ ಕೂಡ, ಸಾರಜನಕ ಹಿಡಿದಿಡುವ ಬ್ಯಾಕ್ಟೀರಿಯಾಗಳ ಗಂಟುಗಳು ಇರುತ್ತವೆ. ಬೇರು, ಎಲೆ ಗದ್ದೆಯಲ್ಲೇ ಕೊಳೆತರೆ ಮಣ್ಣಿಗೆ ಗೊಬ್ಬರ. ಒಂದು ಎಚ್ಚರಿಕೆ ಮಾತ್ರ ಬೇಕು. ಇದರ ಕಾಯಿ ಗೆಣ್ಣು ಗೆಣ್ಣಾಗಿ ಮುರಿದು ನೀರಿಗೆ ಬಿದ್ದು ಮುಂದಿನ ವರ್ಷದ ಸಸಿಯಾಗುತ್ತದೆ. ಕಾಯಿ ಬಲಿಯುವ ಮೊದಲೇ ಒಂದೂ ಬಿಡದೆ ಕೊಯ್ದರೆ ಆ ಹೊಂಡದಲ್ಲಿ ಮತ್ತೆ ಶೋಲಾ ಬರುವುದಿಲ್ಲ. ಬೇಡಿಕೆ ಜಾಸ್ತಿಯಾಗಿ, ಗಿಡ ಕಡಿಮೆಯಾದಾಗ ಆಗುವುದು ಇದೇ. ಯಾರದ್ದೋ ಹೊಂಡ, ಯಾರೋ ಕೊಯ್ಯುವವರು, ಬೀಜಕ್ಕೆ ಅಂತ ನಾಲ್ಕು ಗಿಡ ಬಿಡುವ ಜವಾಬ್ದಾರಿ ಯಾರಿಗೂ ಇಲ್ಲ.

ಈಗ ಗಿಡ ಯಾಕೆ ಕಡಿಮೆಯಾಯಿತು ಅನ್ನುವುದಕ್ಕೆ ಬರುತ್ತೇನೆ. ಮೊದಲೆಲ್ಲ ಬಂಗಾಳದ ತಗ್ಗು ಪ್ರದೇಶದಲ್ಲಿ ಮಳೆಗಾಲದ ಭತ್ತದ ಜೊತೆಯಲ್ಲೇ, ಬೀಲ್ ಎಂದು ಕರೆಯುವ ಆಳವಿಲ್ಲದ ಕೆರೆಗಳಲ್ಲಿ, ರಸ್ತೆ ಬದಿಯ ಹೊಂಡಗಳಲ್ಲಿ ಶೋಲಾ ಬೆಳೆಯುತ್ತಿತ್ತು. ಆಮೇಲೆ ಬೇಸಿಗೆಯ ಬೋರೋ ಭತ್ತ ಬಂತು, ಬೋರ್‌ವೆಲ್ ಬಂತು, ನೀರು ಹರಿದುಹೋಗಲು ಕಾಲುವೆ ತೋಡಿದರು, ಕಳೆನಾಶಕ ಬಂತು. ಭತ್ತದ ರೈತನ ಕಣ್ಣಿಗೆ ಶೋಲಾ ಒಂದು ಕಳೆ, ಅದರಲ್ಲಿ ಅವನ ತಪ್ಪೇನೂ ಇಲ್ಲ. ಅಮೆರಿಕದ ಅರ್ಕನ್ಸಾದಲ್ಲಿ ಇದೇ ಕುಲದ ಇನ್ನೊಂದು ಗಿಡ ಭತ್ತಕ್ಕೆ ಎಂಥ ಕಾಟ ಕೊಟ್ಟಿತೆಂದರೆ ಅದನ್ನು ಕೊಲ್ಲಲಿಕ್ಕೆಂದೇ ಒಂದು ಶಿಲೀಂಧ್ರದಿಂದ ಔಷಧಿ ಮಾಡಿ 1982ರಲ್ಲಿ ಮಾರುಕಟ್ಟೆಗೆ ಬಿಟ್ಟರು. ಇನ್ನೊಂದು ಕಡೆ ಹೊಂಡಗಳು ಮೀನು ಸಾಕಣೆಗೆ ಹೋದವು. ಮೀನಿನವರು ನೀರಿನ ಮೇಲ್ಮೈ ಶುಚಿಯಾಗಿ ಇರಲಿ ಎಂದು ಗಿಡ ಕಿತ್ತುಹಾಕುತ್ತಾರೆ. ಕೋಲ್ಕತ್ತಾದ ಸುತ್ತಮುತ್ತ ಹೊಂಡಗಳನ್ನೇ ಮಣ್ಣು ತುಂಬಿ ಸೈಟು ಮಾಡಿದರು. ಪಶ್ಚಿಮ ಬಂಗಾಳದ ಒಳನಾಡು ಮೀನುಗಾರಿಕೆ ಕಾನೂನಿನಲ್ಲಿ 5 ಕಾಠಾ (ಕಾಠಾ ಅಲ್ಲಿನ ನೆಲದ ಅಳತೆ) ಅಥವಾ ಅದಕ್ಕಿಂತ ದೊಡ್ಡ ಹೊಂಡ ಮುಚ್ಚುವಂತಿಲ್ಲ ಎಂದು ಬರೆದಿದೆ. ಹಾಗಿದ್ದೂ ಮುಚ್ಚುತ್ತಲೇ ಇದ್ದಾರೆ.

ಹೀಗಾಗಿ ದಂಟು ದೂರದಿಂದ ಬರುತ್ತದೆ. ತೂಕ ಏನೂ ಇಲ್ಲ, ಆದರೆ ಲಾರಿ ತುಂಬಾ ಜಾಗ ಹಿಡಿಯುತ್ತದೆ, ಸಾಗಣೆ ಖರ್ಚು ಏರುತ್ತದೆ. ಕೊಯ್ದ ಮೇಲೆ ಬಿಸಿಲಿನಲ್ಲಿ ಚೆನ್ನಾಗಿ ಒಣಗದಿದ್ದರೆ ಬೂಸು ಹಿಡಿದು ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟ ಶೋಲಾಕ್ಕೆ ದೇವರ ಕೆಲಸದಲ್ಲಿ ಬೆಲೆಯೇ ಇಲ್ಲ. ವರ್ಷಕ್ಕೊಮ್ಮೆ ಸಿಗುವ ಕಚ್ಚಾ ಮಾಲನ್ನು ಆಗಲೇ ದುಡ್ಡು ಕೊಟ್ಟು ಕೊಂಡು ವರ್ಷವಿಡೀ ಮನೆಯ ಅಟ್ಟದಲ್ಲಿ ಇಟ್ಟುಕೊಳ್ಳಬೇಕು. ಬಡ ಕುಟುಂಬದ ಹತ್ತಿರ ಅಷ್ಟು ದುಡ್ಡು ಆ ಹೊತ್ತಿಗೆ ಇರುವುದಿಲ್ಲ. ಆಗ ಮಹಾಜನ, ಅಂದರೆ ಸಾಲ ಕೊಡುವ ವ್ಯಾಪಾರಿ, ಬರುತ್ತಾನೆ. ದಂಟು ಅವನೇ ಕೊಡುತ್ತಾನೆ, ಇಲ್ಲವೇ ದುಡ್ಡು ಮುಂಗಡ ಕೊಡುತ್ತಾನೆ. ಅದಕ್ಕೆ ಅಲ್ಲಿ ದಾದನ್ ಅನ್ನುತ್ತಾರೆ. ಮಾಡಿದ ಮಾಲನ್ನು ಅವನಿಗೇ, ಅವನು ಹೇಳಿದ ರೇಟಿಗೇ ಕೊಡಬೇಕು. ಕಲೆ ಎಷ್ಟೇ ದೊಡ್ಡದಿರಲಿ, ರೇಟು ಇನ್ನೊಬ್ಬರ ಕೈಯಲ್ಲಿದ್ದರೆ ಮಕ್ಕಳು ಆ ಚಾಕು ಮುಟ್ಟಲು ಯಾಕೆ ಬರುತ್ತಾರೆ, ಹೇಳಿ?

ಕೆಲಸ ಮಾಡುವ ಜನರ ಬಗ್ಗೆ ಸ್ವಲ್ಪ ಹೇಳಬೇಕು. ಇದು ಮಾಲಾಕಾರ ಸಮುದಾಯದ ಕಸುಬು. ಅವರ ನಡುವೆ ಒಂದು ಕಥೆ ಇದೆ. ಶಿವ ತನ್ನ ಮದುವೆಗೆ ಬಿಳಿಯ ಕಿರೀಟವೇ ಬೇಕು ಎಂದನಂತೆ. ಅದಕ್ಕಾಗಿ ನೀರಿನಲ್ಲಿ ಶೋಲಾ ಗಿಡ ಹುಟ್ಟಿತು, ಆದರೆ ವಿಶ್ವಕರ್ಮನಿಗೆ ಅಂಥ ಮೆತ್ತನೆಯ ವಸ್ತುವಿನಲ್ಲಿ ಕೆಲಸ ಮಾಡಲು ಬರಲಿಲ್ಲ. ಆಗ ಅದಕ್ಕೆಂದೇ ಹುಟ್ಟಿದವನು ಮೊದಲ ಮಾಲಾಕಾರ. ಇವತ್ತಿಗೂ ಬಂಗಾಳಿ ಮದುವೆಯಲ್ಲಿ ಗಂಡಿನ ತಲೆಯ ಮೇಲೆ ಚೂಪಾದ ಟೋಪೋರ್, ಹೆಣ್ಣಿನ ತಲೆಗೆ ಮುಕುಟ, ಎರಡೂ ಶೋಲಾದ್ದೇ. ಮಗುವಿನ ಅನ್ನಪ್ರಾಶನಕ್ಕೂ ಪುಟ್ಟ ಟೋಪೋರ್ ಬೇಕು. ದೇವಿಯ ಕೈಯಿಂದ ಇಳಿಬಿಡುವ ಚಾಂದ್‌ಮಾಲಾ, ಕದಂಬ ಹೂವಿನ ಗೊಂಚಲು, ಪ್ರತಿಮೆಯ ಪೂರ್ತಿ ಅಲಂಕಾರ, ಎಲ್ಲವೂ ಇದೇ ಬೆಂಡು. ಬಿಳಿ ಅಲಂಕಾರಕ್ಕೆ ಶೋಲಾರ್ ಸಾಜ್ ಅಂತಾರೆ. ಬೆಳ್ಳಿಯ ಹಾಗೆ ಹೊಳೆಯುವ ತಗಡು ಸೇರಿಸಿ ಮಾಡುವುದು ಡಾಕೇರ್ ಸಾಜ್. ಆ ತಗಡು ಒಂದು ಕಾಲದಲ್ಲಿ ಜರ್ಮನಿಯಿಂದ ಅಂಚೆಯಲ್ಲಿ ಬರುತ್ತಿತ್ತು, ಡಾಕ್ ಅಂದರೆ ಅಂಚೆ.

ಪೂರ್ವ ಬರ್ಧಮಾನ್ ಜಿಲ್ಲೆಯ ಮಂಗಲಕೋಟ್ ಬ್ಲಾಕಿನ ಬೊನ್‌ಕಾಪಾಶಿ ಎಂಬ ಊರು ಈ ಕೆಲಸಕ್ಕೆ ಹೆಸರಾಗಿದೆ. ಅಲ್ಲಿ ಪ್ರತಿಮೆಯ ಅಲಂಕಾರ ಮುಖ್ಯ. ಮುರ್ಷಿದಾಬಾದ್ ಕಡೆ ಅಂಬಾರಿ ಹೊತ್ತ ಆನೆ, ನವಿಲು ಮುಖದ ಮಯೂರಪಂಖಿ ದೋಣಿಯಂಥ ಸೂಕ್ಷ್ಮ ಮಾದರಿಗಳು. ಅಲ್ಲಿ ಆನೆದಂತದ ಕೆತ್ತನೆಯಲ್ಲಿ ಬರುತ್ತಿದ್ದ ವಿನ್ಯಾಸಗಳೇ ಶೋಲಾದಲ್ಲೂ ಕಾಣುತ್ತವೆ. ದಕ್ಷಿಣ 24 ಪರಗಣದ ಮಂದಿರಬಜಾರ್ ಸುತ್ತಿನ ಹಳ್ಳಿಗಳಲ್ಲಿ ಹೂವಿನ ಕೆಲಸ ಜಾಸ್ತಿ, ಅದು ಹೊರದೇಶಕ್ಕೂ ಹೋಗುತ್ತದೆ. ಉತ್ತರದ ಕೂಚ್ ಬಿಹಾರ್, ಅಸ್ಸಾಮಿನ ಗೋಲಪಾಡಾ ಕಡೆ ಶೋಲಾ ಹಾಳೆಯ ಮೇಲೆ ಹಾವುಗಳ ದೇವತೆ ಮನಸಾ ದೇವಿಯ ಚಿತ್ರ ಬರೆಯುವ ಪದ್ಧತಿ ಇದೆ. ಹಾಗಾಗಿ ಇದನ್ನು ಒಂದು ಕಲೆ ಎಂದು ನೋಡಿ ಒಂದೇ ಯೋಜನೆ ಮಾಡಿದರೆ ಪ್ರಯೋಜನವಿಲ್ಲ. ಬೊನ್‌ಕಾಪಾಶಿಯವರ ಸಮಸ್ಯೆ ಬೇರೆ, ಮಂದಿರಬಜಾರಿನವರ ಸಮಸ್ಯೆ ಬೇರೆ.

ಕೈಕೆಲಸ ಎಷ್ಟು ಕಠಿಣ ಅಂತ ನೋಡದವರಿಗೆ ಗೊತ್ತಾಗುವುದಿಲ್ಲ. ದಂಟನ್ನು ಗೇಣು ಗೇಣಾಗಿ ಕತ್ತರಿಸಿ ಸಿಪ್ಪೆ ಹೆರೆಯುತ್ತಾರೆ. ಆಮೇಲೆ ಉದ್ದನೆಯ, ತೆಳುವಾದ, ಕೂದಲು ಸೀಳುವಷ್ಟು ಹರಿತವಾದ ಚಾಕುವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ದಂಟನ್ನು ಅದಕ್ಕೆ ಒತ್ತಿ ಉರುಳಿಸುತ್ತಾ ಹೋಗುತ್ತಾರೆ. ಚಪಾತಿ ಸುರುಳಿ ಬಿಚ್ಚಿದ ಹಾಗೆ ದಂಟು ಬಿಚ್ಚಿಕೊಂಡು ಕಾಗದದಷ್ಟು ತೆಳ್ಳಗಿನ ಉದ್ದದ ಹಾಳೆಯಾಗುತ್ತದೆ. ಚಾಕು ಹಿಂದೆ ಮುಂದೆ ಆಡಿಸುವಂತಿಲ್ಲ, ನಿಲ್ಲಿಸುವಂತಿಲ್ಲ. ನಡುವೆ ಒಂದು ಸಲ ಕೈ ತಡೆದರೆ ಅಲ್ಲಿ ಗೆರೆ ಬೀಳುತ್ತದೆ, ಹಾಳೆ ಹರಿಯುತ್ತದೆ. ಈ ಹಾಳೆಯನ್ನು ಮಡಚಿ, ಕತ್ತರಿಸಿ, ದಾರ ಸುತ್ತಿ ಹೂವಾಗಿಸುತ್ತಾರೆ. ಅಂಟಿಗೆ ಹಿಂದೆ ಹುಣಸೆ ಬೀಜ ಅರೆದು ಬೇಯಿಸಿದ ಅಂಟು ಬಳಸುತ್ತಿದ್ದರು, ಈಗ ಹೆಚ್ಚಾಗಿ ಅಂಗಡಿಯದು. ಚಾಕು ಮಸೆಯುವುದೇ ಒಂದು ದೊಡ್ಡ ವಿದ್ಯೆ. ಎಷ್ಟು ಸಲ ಮಸೆಯಬೇಕು, ಯಾವ ಕೋನದಲ್ಲಿ ಹಿಡಿಯಬೇಕು ಅನ್ನುವುದನ್ನು ಯಾರೂ ಬಾಯಲ್ಲಿ ಹೇಳಿಕೊಡುವುದಿಲ್ಲ, ಪಕ್ಕದಲ್ಲಿ ಕೂತು ವರ್ಷಗಟ್ಟಲೆ ನೋಡಿ ಕಲಿಯಬೇಕು. ಒಂದು ವಾರದ ತರಬೇತಿ ಶಿಬಿರ ಮಾಡಿ ಸರ್ಟಿಫಿಕೇಟ್ ಕೊಟ್ಟರೆ ಈ ಕೈ ಬರುವುದಿಲ್ಲ.

ಇನ್ನೊಂದು ಮಾತು. ಫೋಟೋದಲ್ಲಿ, ಪ್ರಶಸ್ತಿ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು ಗಂಡಸರು. ಆದರೆ ಮನೆಯೊಳಗೆ ಹೂವು ಕಟ್ಟುವುದು, ದಳ ಅಂಟಿಸುವುದು, ಚಾಂದ್‌ಮಾಲಾ ಪೋಣಿಸುವುದು ಬಹುಪಾಲು ಹೆಂಗಸರು. ಅಡುಗೆ, ಮಕ್ಕಳು, ದನ ಎಲ್ಲಾ ಮುಗಿಸಿ ಕೂತು ಮಾಡುವ ಕೆಲಸ, ಲೆಕ್ಕ ಮಾತ್ರ ಡಜನ್‌ಗೆ ಇಷ್ಟು. ಕುಶಲಕರ್ಮಿ ಗುರುತಿನ ಚೀಟಿ ಮನೆಯ ಯಜಮಾನನ ಹೆಸರಲ್ಲಿ ಮಾತ್ರ ಇದ್ದರೆ ಸಾಲವೂ ಅವನಿಗೆ, ಮೇಳದ ಮಳಿಗೆಯೂ ಅವನಿಗೆ. ಕಸುಬು ಉಳಿಸುತ್ತೇವೆ ಅನ್ನುವವರು ಮೊದಲು ಮಾಡಬೇಕಾದ ಕೆಲಸಗಳಲ್ಲಿ ಇದೂ ಒಂದು, ಆ ಹೆಂಗಸರ ಹೆಸರಲ್ಲೇ ಚೀಟಿ ಮಾಡಿಸುವುದು.

ಈಗ ಥರ್ಮೋಕೋಲ್ ವಿಷಯ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಕೂಡ ಇದೆ. ಅದಕ್ಕೂ ಮೊದಲು, 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೂರ್ತಿ ವಿಸರ್ಜನೆಯ ಮಾರ್ಗಸೂಚಿಯಲ್ಲೂ ಥರ್ಮೋಕೋಲ್ ಬೇಡ ಎಂದಿತ್ತು. ನನಗೂ ಆಗ ಬಹಳ ಸಂತೋಷವಾಗಿತ್ತು, ಯಾಕೆಂದರೆ ಶೋಲಾದ ಜಾಗವನ್ನು ಕಿತ್ತುಕೊಂಡಿದ್ದೇ ಥರ್ಮೋಕೋಲ್. ಅದು ಹಾಳೆ ಹಾಳೆಯಾಗಿ ಊರಿನ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ, ವರ್ಷಪೂರ್ತಿ ಸಿಗುತ್ತದೆ, ಬಿಸಿ ತಂತಿಯಲ್ಲಿ ಕತ್ತರಿಸಿದರೆ ಒಂದೇ ದಿನದಲ್ಲಿ ಪೂರ್ತಿ ಮಂಟಪ ಎದ್ದು ನಿಲ್ಲುತ್ತದೆ. ಹಾಗಿದ್ದರೆ ನಿಷೇಧದ ಮೇಲೆ ಎಲ್ಲರೂ ಶೋಲಾಕ್ಕೆ ವಾಪಸ್ ಬರಬೇಕಿತ್ತಲ್ವಾ? ಬರಲಿಲ್ಲ, ಯಾಕೆಂದರೆ ನಿಷೇಧ ಒಂದು ವಸ್ತುವನ್ನು ತೆಗೆಯಬಹುದು, ಇನ್ನೊಂದನ್ನು ಗದ್ದೆಯಲ್ಲಿ ಬೆಳೆಸಲಾರದು. ಖಾಲಿಯಾದ ಜಾಗಕ್ಕೆ ಫೋಮ್ ಹಾಳೆ ಬಂತು, ಬಟ್ಟೆ ಬಂತು, ಜರಿ ಕಾಗದ ಬಂತು. ಥರ್ಮೋಕೋಲ್ ಕೂಡ ಪೂರ್ತಿ ಹೋಗಿಲ್ಲ, ಕದ್ದುಮುಚ್ಚಿ ನಡೆಯುತ್ತಿದೆ. ಮಂಟಪ ಕಟ್ಟುವವನಿಗೆ ಪೂಜೆಗೆ ಹದಿನೈದು ದಿನ ಇರುವಾಗ ರಾಶಿ ಮಾಲು ಬೇಕು. ಆ ಹೊತ್ತಿಗೆ ಶೋಲಾ ಎಲ್ಲಿಂದ ತರಬೇಕು?

ಆದ್ದರಿಂದ ನನ್ನ ಸಲಹೆ ಯಾವಾಗಲೂ ಬೇಸಾಯದಿಂದ ಶುರುವಾಗುತ್ತದೆ. ಶೋಲಾವನ್ನು ಕಳೆ ಎಂದು ಬಿಡದೆ ಬೆಳೆ ಎಂದು ಬಿತ್ತಬೇಕು. ನೀರು ನಿಂತು ಮಳೆಗಾಲದ ಭತ್ತ ಕೊಳೆತುಹೋಗುವ ತಗ್ಗು ಜಮೀನು ಬಂಗಾಳದಲ್ಲಿ ಬೇಕಾದಷ್ಟಿದೆ. ಅಲ್ಲಿ ರೈತನಿಗೆ ಆ ಕಾಲದಲ್ಲಿ ಬೇರೆ ಆದಾಯವೂ ಇಲ್ಲ. ಪಂಚಾಯಿತಿಯ ಹೊಂಡಗಳಲ್ಲಿ ಒಂದೆರಡನ್ನು ಮೀನಿನ ಗುತ್ತಿಗೆಗೆ ಕೊಡದೆ ಮಾಲಾಕಾರರ ಸ್ವಸಹಾಯ ಗುಂಪಿಗೆ ಶೋಲಾ ಬೆಳೆಯಲು ಕೊಡಬಹುದು. ಬೀಜ ಕೂಡಿಡುವುದು, ನೀರು ಏರುವ ಮೊದಲೇ ಸಸಿ ಹಿಡಿಯುವಂತೆ ಮಾಡುವುದು, ಕೊಯ್ದು ಒಣಗಿಸಲು ಒಂದು ಕಟ್ಟೆ, ಮಳೆ ತಾಗದ ಒಂದು ಗೋದಾಮು. ಗೋದಾಮು ಅನ್ನುವುದು ಕೇಳಲು ಸಣ್ಣ ವಿಷಯ. ಆದರೆ ಕಚ್ಚಾ ಮಾಲು ಗುಂಪಿನ ಗೋದಾಮಿನಲ್ಲಿದ್ದರೆ ದಾದನ್‌ಗೆ ಕೈಚಾಚುವ ಅಗತ್ಯ ಅರ್ಧಕ್ಕರ್ಧ ಇಳಿಯುತ್ತದೆ. ಕೃಷಿ ಇಲಾಖೆಗೆ ಇದು ಬೆಳೆಯಲ್ಲ, ಕರಕುಶಲ ಇಲಾಖೆಗೆ ಬೇಸಾಯ ತನ್ನ ಕೆಲಸವಲ್ಲ. ಈ ಎರಡು ಮೇಜುಗಳ ನಡುವೆ ಗಿಡ ಸಾಯುತ್ತಿದೆ, ಅದು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ.

ಸರ್ಕಾರದ ಯೋಜನೆಗಳು ಇಲ್ಲವೆಂದಲ್ಲ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ಮುಖ್ಯಸ್ಥರಾಗಿ ದೇಶದ ಹಳ್ಳಿ ಹಳ್ಳಿಯ ಕಸುಬುಗಳನ್ನು ಹುಡುಕಿಕೊಂಡು ಹೋದವರು. ಆ ಕಾಲದಿಂದಲೂ ಪ್ರಶಸ್ತಿ, ಮೇಳ, ಎಂಪೋರಿಯಂ ನಡೆದುಕೊಂಡು ಬಂದಿವೆ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಮಾಲೆ ಕಟ್ಟುವ ಮಾಲಾಕಾರರ ಹೆಸರೂ ಇದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ಸಹಾಯ, ಎರಡು ಕಂತಿನಲ್ಲಿ ಒಟ್ಟು 3 ಲಕ್ಷದವರೆಗೆ ಶೇ. 5ರ ಬಡ್ಡಿಗೆ ಸಾಲ. ಆದರೆ ಅರ್ಜಿಯ ಮೊದಲ ಪರಿಶೀಲನೆ ಆಗಬೇಕಾದ್ದು ಗ್ರಾಮ ಪಂಚಾಯಿತಿ ಹಂತದಲ್ಲಿ. ಹಾಗಾಗಿ ದೆಹಲಿಯ ಕಾಗದದಲ್ಲಿ ಇರುವುದು ಹಳ್ಳಿಯಲ್ಲಿ ಸಿಗಬೇಕಾದರೆ ರಾಜ್ಯವೂ ಕೈಜೋಡಿಸಬೇಕು. ಅಲ್ಲದೆ ಮಾಲಾಕಾರನ ಉಪಕರಣ ಅಂದರೆ ಚಾಕು, ಕತ್ತರಿ, ಮಸೆಗಲ್ಲು. ಅವನಿಗೆ ಬೇಕಾಗಿರುವುದು ವರ್ಷದ ದಂಟು ಕೊಳ್ಳಲು ಕೊಯ್ಲಿನ ಕಾಲಕ್ಕೆ ಸರಿಯಾಗಿ ಕೈಗೆ ಬರುವ ದುಡ್ಡು.

ಜಿಐ ಟ್ಯಾಗ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅದು ಹೆಸರನ್ನು ಕಾಯುತ್ತದೆ, ಹೊಟ್ಟೆಯನ್ನಲ್ಲ. 2018ರಲ್ಲಿ ಪುರುಲಿಯಾದ ಛೌ ನೃತ್ಯದ ಮುಖವಾಡ, ಕುಶ್ಮಂಡಿಯ ಮರದ ಮುಖವಾಡ, ಬಂಗಾಳದ ಪಟಚಿತ್ರ (ಸುರುಳಿ ಚಿತ್ರ), ಡೋಕ್ರಾ (ಲೋಹದ ಎರಕದ ಕೆಲಸ) ಇವುಗಳಿಗೆ ಜಿಐ ಸಿಕ್ಕಿತು. ಇವುಗಳಲ್ಲಿ ಪಟಚಿತ್ರದವರ ನಯಾ ಎಂಬ ಹಳ್ಳಿ ಚೆನ್ನಾಗಿ ನಡೆಯುತ್ತಿದ್ದರೆ ಅದಕ್ಕೆ ಕಾರಣ ಟ್ಯಾಗ್ ಒಂದೇ ಅಲ್ಲ. ಟ್ಯಾಗ್ ಬರುವ ಮೊದಲಿನಿಂದಲೇ ಊರಿನಲ್ಲೇ ಪ್ರತಿ ವರ್ಷ ಪೊಟ್ ಮಾಯಾ ಎಂಬ ಮೇಳ ನಡೆಸುತ್ತಾರೆ, ಕೊಳ್ಳುವವರು ಮನೆಬಾಗಿಲಿಗೆ ಬರುತ್ತಾರೆ, ಬರೆದವರ ಕೈಗೇ ದುಡ್ಡು ಕೊಡುತ್ತಾರೆ. ನಮ್ಮ ಪಕ್ಕದ ತಂಜಾವೂರಿನಲ್ಲಿ ಇದೇ ಗಿಡದಿಂದ ನೆಟ್ಟಿ ಕೆಲಸ ಮಾಡುತ್ತಾರೆ, ಬೃಹದೀಶ್ವರ ದೇವಸ್ಥಾನದ ಮಾದರಿ ಬಹಳ ಜನಪ್ರಿಯ. ಅದಕ್ಕೆ 2020ರಲ್ಲೇ ಜಿಐ ಬಂದಿದೆ. ಹಾಗಂತ ಅಲ್ಲಿ ಕೆಲಸ ಮಾಡುವವರ ಸಂಖ್ಯೆ ತಾನಾಗಿ ಏರುವುದಿಲ್ಲ. 2021ರ ಡಿಸೆಂಬರಿನಲ್ಲಿ ಕೋಲ್ಕತ್ತಾದ ದುರ್ಗಾಪೂಜೆ ಯುನೆಸ್ಕೋ ಪಟ್ಟಿಗೆ ಸೇರಿತು. ಪೂಜೆಗೆ ಬಂದ ಆ ಗೌರವದಲ್ಲಿ ದೇವಿಗೆ ಕಿರೀಟ ಮಾಡುವವರ ಪಾಲೆಷ್ಟು ಅಂತ ಪೂಜಾ ಸಮಿತಿಗಳು ತಮ್ಮ ಬಜೆಟ್ಟು ತೆರೆದು ನೋಡಿಕೊಂಡರೆ ಒಳ್ಳೆಯದು. ಲೈಟಿಂಗ್‌ಗೆ, ಗೇಟಿಗೆ ಹೋಗುವ ದುಡ್ಡಿನ ಪಕ್ಕದಲ್ಲಿ ಅಲಂಕಾರದ ಸಾಲು ಎಷ್ಟು ಸಣ್ಣದಿದೆ ಅಂತ ಅವರಿಗೇ ಕಾಣುತ್ತದೆ.

ಹೊರದೇಶಕ್ಕೆ ಹೋಗುವ ಶೋಲಾ ಹೂವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನಿಮಗೆ ಮೊದಲು ಸಿಗುವುದೇ ಅದು. ತೆಳು ಹಾಳೆಯನ್ನು ಸುತ್ತಿ ಗುಲಾಬಿ ಮಾಡಿ, ಬಣ್ಣ ಅದ್ದಿ, ಅಮೆರಿಕದ ಮದುವೆಗಳಲ್ಲಿ ಹೂಗುಚ್ಛಕ್ಕೆ ಬಳಸುತ್ತಾರೆ. ಸುವಾಸನೆಯ ಎಣ್ಣೆ ಹೀರಿಕೊಳ್ಳುವ ಗುಣ ಇರುವುದರಿಂದ ಮನೆಯಲ್ಲಿ ಪರಿಮಳಕ್ಕೂ ಇಡುತ್ತಾರೆ. ಥಾಯ್ಲೆಂಡಿನವರೂ ಮಾಡುತ್ತಾರೆ, ಪೈಪೋಟಿ ಇದೆ. ಇದರಿಂದ ಕೆಲವು ಹಳ್ಳಿಗಳಲ್ಲಿ ವರ್ಷಪೂರ್ತಿ ಕೂಲಿ ಸಿಗುತ್ತದೆ, ಅದು ಸಣ್ಣ ಮಾತಲ್ಲ. ಪೂಜೆ ಮತ್ತು ಮದುವೆಯನ್ನೇ ನಂಬಿದವರಿಗೆ ಪೌಷ, ಚೈತ್ರದಂಥ ಮದುವೆಯಿಲ್ಲದ ತಿಂಗಳುಗಳಲ್ಲಿ ಒಲೆ ಉರಿಸುವುದೇ ಕಷ್ಟ. ಆದರೆ ಒಂದೇ ಅಳತೆಯ ಗುಲಾಬಿಯನ್ನು ಸಾವಿರಗಟ್ಟಲೆ ಸುತ್ತುತ್ತಾ ಕೂತರೆ ಕಿರೀಟದ ವಿನ್ಯಾಸ ಮರೆತುಹೋಗುತ್ತದೆ, ಚಾಂದ್‌ಮಾಲಾದ ಲೆಕ್ಕ ಮರೆತುಹೋಗುತ್ತದೆ. ಒಂದೂರಿನಲ್ಲಿ ನೂರು ಜನ ಶೋಲಾ ಕೆಲಸ ಮಾಡುತ್ತಾರೆ ಅಂತ ಲೆಕ್ಕ ಬರೆದುಕೊಂಡರೂ ಅವರಲ್ಲಿ ದೇವಿಗೆ ಪೂರ್ತಿ ಅಲಂಕಾರ ಮಾಡಬಲ್ಲವರು ನಾಲ್ಕೇ ಜನ ಇರಬಹುದು. ರಫ್ತಿನ ದುಡ್ಡು ಬರಲಿ, ಬೇಡ ಅನ್ನುವಷ್ಟು ದೊಡ್ಡವನಲ್ಲ ನಾನು. ಆದರೆ ಕಸುಬು ಉಳಿಯಿತು ಎಂದು ಹೇಳುವಾಗ ಯಾವ ಕೆಲಸ ಉಳಿಯಿತು ಅಂತ ಕೇಳಲೇಬೇಕು.

ಹಿಂದೆಯೂ ಒಮ್ಮೆ ಹೊರಗಿನ ಬೇಡಿಕೆ ಹೀಗೇ ಬಂದು ಹೋಗಿದೆ. ಬ್ರಿಟಿಷ್ ಅಧಿಕಾರಿಗಳು ಬಿಸಿಲಿಗೆ ಹಾಕುತ್ತಿದ್ದ ಸೋಲಾ ಟೋಪಿ ಇದೇ ಬೆಂಡಿನದು. ಆ ಟೋಪಿಯ ಕಾಲ ಮುಗಿದಾಗ ಅದನ್ನು ನಂಬಿದವರ ಕೆಲಸವೂ ಮುಗಿಯಿತು. ಊರಿನ ಮದುವೆ, ಊರಿನ ದೇವರನ್ನು ನಂಬಿದ ಕೆಲಸ ಮಾತ್ರ ಅದನ್ನೂ ದಾಟಿ ಬಂತು.

ದಾಖಲೆ ಮಾಡುವ ಬಗ್ಗೆಯೂ ಉತ್ಸಾಹ ಇದೆ, ಕಾಲೇಜು ಹುಡುಗರು ಕ್ಯಾಮೆರಾ ಹಿಡಿದು ಹೋಗುತ್ತಾರೆ. ಹೋಗಲಿ. ಆದರೆ ಸುಮ್ನೆ ಚೆಂದದ ಹಿನ್ನೆಲೆ ಸಂಗೀತ ಹಾಕಿ ಎರಡು ನಿಮಿಷದ ವಿಡಿಯೋ ಮಾಡಿದರೆ ಯಾರಿಗೂ ಏನೂ ಕಲಿಯಲು ಸಿಗುವುದಿಲ್ಲ. ಚಾಕು ಮಸೆಯುವುದನ್ನು ಶುರುವಿನಿಂದ ಕೊನೆಯವರೆಗೆ ಚಿತ್ರೀಕರಿಸಿ. ಒಳ್ಳೆಯ ದಂಟು, ಕೆಟ್ಟ ದಂಟು ಹೇಗೆ ಆರಿಸುತ್ತಾರೆ ಅಂತ ಕೇಳಿ. ಹಳೆಯ ವಿನ್ಯಾಸಗಳ ಕಾಗದದ ಅಚ್ಚುಗಳು ಟ್ರಂಕಿನಲ್ಲಿ ಇರುತ್ತವೆ, ಅವುಗಳ ಪ್ರತಿ ಮಾಡಿ ಮೂಲವನ್ನು ಆ ಮನೆಯಲ್ಲೇ ಬಿಡಿ. ಅವರ ಒಪ್ಪಿಗೆ ಇಲ್ಲದೆ ವಿನ್ಯಾಸವನ್ನು ಇಂಟರ್ನೆಟ್ಟಿಗೆ ಹಾಕಬೇಡಿ. ಮರುದಿನವೇ ಅದು ಯಾವುದೋ ಲೇಸರ್ ಯಂತ್ರದಲ್ಲಿ ಫೋಮಿನ ಮೇಲೆ ಕತ್ತರಿಸಿಕೊಂಡು ಅರ್ಧ ಬೆಲೆಗೆ ಬರುತ್ತದೆ.

ಕರ್ನಾಟಕಕ್ಕೂ ಈ ಬೆಂಡು ಹೊಸದಲ್ಲ. ಮಲೆನಾಡು, ಉತ್ತರ ಕನ್ನಡದ ಗುಡಿಗಾರರನ್ನು ನಾವು ಶ್ರೀಗಂಧದ ಕೆತ್ತನೆಗೆ ನೆನೆಯುತ್ತೇವೆ, ಮದುವೆಯ ಬೆಂಡಿನ ಬಾಸಿಂಗ ಮಾಡಿಕೊಡುತ್ತಾ ಬಂದವರೂ ಅವರೇ. ಈಗ ಅದರ ಜಾಗದಲ್ಲಿ ಪ್ಲಾಸ್ಟಿಕ್ ಮುತ್ತಿನ ಬಾಸಿಂಗ ಎಲ್ಲಾ ಅಂಗಡಿಯಲ್ಲೂ ನೇತಾಡುತ್ತಿದೆ. ಹೆಸರಘಟ್ಟದ ನೃತ್ಯಗ್ರಾಮದಲ್ಲೋ ಬೇರೆಲ್ಲೋ ನೀವು ಒಡಿಸ್ಸಿ ನೋಡಿದ್ದರೆ, ನರ್ತಕಿಯರ ತಲೆಯ ಮೇಲಿನ ಬಿಳಿ ತಾಹಿಯಾ ನೆನಪಿರಬಹುದು. ಅದು ಪುರಿಯ ಕುಶಲಕರ್ಮಿಗಳು ಇದೇ ಶೋಲಾದಿಂದ ಮಾಡುವುದು.

ಇನ್ನು ನೀವು ಮಾಡಬಹುದಾದ್ದು. ಮೊದಲು ಗುರುತಿಸಲು ಕಲಿಯಿರಿ. ಥರ್ಮೋಕೋಲ್ ಮುರಿದರೆ ಸಣ್ಣ ಸಣ್ಣ ಗುಂಡು ಕಾಳು ಉದುರುತ್ತವೆ, ಉಜ್ಜಿದರೆ ಕಿರಕಿರ ಸದ್ದು ಬರುತ್ತದೆ. ಶೋಲಾದಲ್ಲಿ ಕಾಳಿಲ್ಲ, ನವಿರಾದ ನಾರಿನ ಗೆರೆ ಇರುತ್ತದೆ, ಉಗುರು ಒತ್ತಿದರೆ ಗುರುತು ಹಾಗೇ ನಿಲ್ಲುತ್ತದೆ. ಬಿಳುಪು ಕೂಡ ಕಣ್ಣು ಕುಕ್ಕುವ ಬಿಳುಪಲ್ಲ, ಸ್ವಲ್ಪ ದಂತದ ಬಣ್ಣ. ನಿಮ್ಮ ಅಪಾರ್ಟ್‌ಮೆಂಟಿನ ಪೂಜೆಯವರಿಗೆ ಹೇಳಿ, ಅಲಂಕಾರದ ಆರ್ಡರನ್ನು ಪೂಜೆಗೆ ಒಂದು ತಿಂಗಳಿರುವಾಗ ಕೊಡುವುದು ಬೇಡ. ಶೋಲಾ ಕೊಯ್ದು ಒಣಗುವ ಕಾಲ ನವೆಂಬರ್, ಡಿಸೆಂಬರ್. ಆಗಲೇ ಆರ್ಡರ್ ಮಾಡಿ ಅರ್ಧ ಹಣ ಮುಂಗಡ ಕೊಟ್ಟರೆ ಆ ಕುಟುಂಬ ಸ್ವಂತ ದುಡ್ಡಲ್ಲಿ ದಂಟು ಕೊಳ್ಳುತ್ತದೆ, ಮಹಾಜನನ ಹತ್ತಿರ ಹೋಗುವುದಿಲ್ಲ. ಬೆಂಗಳೂರಿನಲ್ಲಿ ಪೂಜೆ ಮಾಡುವ ಸಮಿತಿಗಳು ಬಹಳ ಇವೆ, ಮೂರ್ನಾಲ್ಕು ಸಮಿತಿಗಳು ಸೇರಿ ಒಂದೇ ಹಳ್ಳಿಯ ಒಂದೇ ಗುಂಪಿಗೆ ಪ್ರತಿ ವರ್ಷ ಆರ್ಡರ್ ಕೊಟ್ಟರೆ ಅವರಿಗೆ ಲೆಕ್ಕ ಹಾಕಿಕೊಂಡು ಬದುಕಲು ಆಗುತ್ತದೆ. ಕೋಲ್ಕತ್ತಾದ ಮೂರ್ತಿಕಾರರ ಕೇರಿ ಕುಮಾರ್‌ಟುಲಿಯಿಂದ ಇಲ್ಲಿಗೆ ಬರುವ ಮೂರ್ತಿಕಾರರಿಗೆ ಅಲಂಕಾರ ಯಾರು ಮಾಡುತ್ತಾರೆ ಎಂದು ಗೊತ್ತಿರುತ್ತದೆ. ಅವರ ಮೂಲಕವೇ ಸಂಪರ್ಕ ಹಿಡಿಯಿರಿ, ದುಡ್ಡು ಮಾತ್ರ ನೇರವಾಗಿ ಮಾಡಿದವರ ಬ್ಯಾಂಕ್ ಖಾತೆಗೆ ಹಾಕಿ, ಸಾಧ್ಯವಾದರೆ ಆ ಮನೆಯ ಹೆಂಗಸಿನ ಖಾತೆಗೇ ಹಾಕಿ.

ಬೆಲೆ ಥರ್ಮೋಕೋಲಿಗಿಂತ ಜಾಸ್ತಿ ಆಗುತ್ತದೆ, ಅದನ್ನು ಮೊದಲೇ ಸಮಿತಿಯವರಿಗೆ ಹೇಳಿಬಿಡಿ. ಚೌಕಾಸಿ ಮಾಡುವುದಿದ್ದರೆ ಸೌಂಡ್ ಸಿಸ್ಟಮ್‌ನವರ ಹತ್ತಿರ ಮಾಡಲಿ. ಪಾರ್ಸೆಲ್‌ನಲ್ಲಿ ಮುರಿಯುವ ಭಯ ಇರುವುದರಿಂದ ರಟ್ಟಿನ ಪೆಟ್ಟಿಗೆಗೆ, ಪ್ಯಾಕಿಂಗಿಗೆ ಬೇರೆಯಾಗಿ ದುಡ್ಡು ಕೊಡಿ, ಆ ನಷ್ಟವನ್ನು ಅವರ ಮೇಲೆ ಹಾಕಬೇಡಿ. ವಿಸರ್ಜನೆಗೆ ಮೊದಲು ಅಲಂಕಾರ ಬಿಚ್ಚಿ ಇಟ್ಟುಕೊಂಡು ಮುಂದಿನ ವರ್ಷ ಬಳಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ ಅನ್ನಿ. ಶೋಲಾ ನೀರಿನಲ್ಲಿ ಹುಟ್ಟಿದ್ದು, ವಿಸರ್ಜನಾ ಹೊಂಡದಲ್ಲಿ ಕೊಳೆತರೆ ನೀರಿಗೆ ಹೆಚ್ಚು ತೊಂದರೆಯಿಲ್ಲ. ಮೇಲೆ ಅಂಟಿಸಿದ ತಗಡು, ಪ್ಲಾಸ್ಟಿಕ್ ಮಣಿ, ತಂತಿ ಇದ್ದರೆ ಅವನ್ನು ಮಾತ್ರ ಬಿಡಿಸಿ ತೆಗೆಯಿರಿ. ಮುಂದಿನ ವರ್ಷಕ್ಕೆ ಹೊಸ ಆರ್ಡರ್ ಕೊಡಿ.